ತೊಳೆಯದ ಎಣ್ಣೆ

ಸುಜಾತ, ಅವತ್ತು ಆ ಎಣ್ಣೆಯನ್ನು ನಾನು ತೊಳೆದಿರಲಿಲ್ಲ. ಮರೆತು ಅಲ್ಲ — ಬೇಕೆಂದೇ ತೊಳೆಯಲಿಲ್ಲ. ನೀನು ಕೇಳಿದಾಗ ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಗೊತ್ತಿಲ್ಲದವರೂ ಓದಲಿ ಎಂದು. ತೊಂಬತ್ತರ ದಶಕದ ಕೊನೆ. ಹೂಟಗಳ್ಳಿಯ ಕೆಮಿಕಲ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ನಾನು ಹಿರಿಯ ಕೆಮಿಸ್ಟ್, ನೀನು ಆಗಷ್ಟೇ ಎಂ.ಎಸ್ಸಿ. ಮುಗಿಸಿ ಬಂದವಳು. ಪೇಂಟಿಗೆ, ಅಂಟಿಗೆ ಬೇಕಾದ ದ್ರಾವಕಗಳನ್ನು ಮಾಡುತ್ತಿದ್ದೆವು. ಎಲ್ಲಕ್ಕೂ ಮೂಲ ಪೆಟ್ರೋಲಿಯಂ. ನೀನು ಬಂದವಳೇ ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡುವ ಹುಚ್ಚು ಹಿಡಿಸಿಕೊಂಡೆ — ಹುಚ್ಚು ಎಂದು ಹೆಸರಿಟ್ಟವಳು ನಾನೇ. ಫ್ಯಾಕ್ಟರಿಯ ಯಜಮಾನರ ಎದುರು ನೀನು ನಿಂತು, "ಸರ್, ಪೆಟ್ರೋಲಿಯಂ ಕುಡಿದು ಬೆಳೆದಿರೋದೇ ನಮ್ಮಂಥ ಫ್ಯಾಕ್ಟರಿಗಳು. ಆ ಚಟ ಬಿಡಿಸೋದೂ ನಮ್ಮಲ್ಲೇ ಶುರುವಾಗಬೇಕು" ಅಂದೆ. ಅವರು ಒಪ್ಪಿಬಿಟ್ಟರು. ನಿನ್ನ ಡೀಸೆಲ್ ಹಾಕಿದ ಸ್ಟಾಫ್ ಬಸ್ಸು ಅತಿಥಿಗಳನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿದರೆ ಹೊಸ ಘಟಕ, ಅದಕ್ಕೆ ನೀನೇ ಮುಖ್ಯಸ್ಥೆ. ನಾನು ನಿನ್ನ ಕೈಕೆಳಗೆ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಬರೀ ಹೊಟ್ಟೆಕಿಚ್ಚಾಗಿದ್ದರೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿರುತ್ತಿರಲಿಲ್ಲವೇನೋ. ನಾನು ಕುಂಬಾರಕೊಪ್ಪಲಿನ, ಮಠಕ್ಕೆ ನಡೆದುಕೊಳ್ಳುವ ಮನೆಯ ಸೊಸೆ. ನೀನು ಅಶೋಕಪುರಂನವಳು — ಆ ಹೆಸರು ಕೇಳಿದ ಮೇಲೆ ನಮ್ಮಂಥವರು ಜಾತಿ ಕೇಳುವುದಿಲ್ಲ, ಕೇಳುವ ಅಗತ್ಯವಿರುವುದಿಲ್ಲ. ನಾನು ಜಾತಿ ನೋಡುವವಳಲ್ಲ ಎಂದು ಮೆರೆಯುತ್ತಿದ್ದೆ. ನಾಲ್ಕು ಜನ ನೋಡಲಿ ಎಂದು ಕ್ಯಾಂಟೀನಿನಲ್ಲಿ ನಿನ್ನ ಡಬ್ಬಿಯ ಚಿತ್ರಾನ್ನಕ್ಕೆ ಕೈ ಹಾಕುತ್ತಿದ್ದೆ. ನೀನು ನನ್ನನ್ನು ಅಕ್ಕ ಎನ್ನುತ್ತಿದ್ದೆ. ಒಂದು ಭಾನುವಾರ ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋದೆ. ನೀನು ಬೀದಿ ತಿರುಗುವ ಮೊದಲೇ ಆ ಲೋಟವನ್ನು ಸೋಪಿನ ಪುಡಿ ಹಾಕಿ ಎರಡೆರಡು ಸಲ ತೊಳೆದೆ. ಅತ್ತೆ ಹೇಳಿದರು ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ಅವರು ಅವತ್ತು ಮನೆಯಲ್ಲೇ ಇರಲಿಲ್ಲ.

ಲೋಟ ತೊಳೆದವಳು ಎಣ್ಣೆ ತೊಳೆಯಲಿಲ್ಲ. ಹೊಂಗೆ ಎಣ್ಣೆಗೆ ಮೆಥನಾಲು, ಕಾಸ್ಟಿಕ್ ಸೋಡಾ ಬೆರೆಸಿ ಡೀಸೆಲ್ ಮಾಡಿದ ಮೇಲೆ ಅದರಲ್ಲಿ ಸೋಪಿನ ಅಂಶ ಉಳಿದಿರುತ್ತದೆ. ಬಿಸಿನೀರು ಹಾಯಿಸಿ, ನೀರು ತಿಳಿಯಾಗುವ ತನಕ ತೊಳೆಯಬೇಕು. ತೊಳೆಯದಿದ್ದರೂ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಆ ಸೋಪಿಗೆ ಫಿಲ್ಟರ್ ಕಟ್ಟಿಕೊಂಡು ಇಂಜಿನ್ನು ನಿಲ್ಲುತ್ತದೆ. ಬೆಟ್ಟ ಹತ್ತಬೇಕಿದ್ದ ಹಿಂದಿನ ದಿನ ನೀನು ಬಸ್ಸಿನ ಟ್ಯಾಂಕು ಶುಚಿ ಮಾಡಿಸಲು ಹೊರಟಿದ್ದೆ. "ನೀನು ಹೋಗು, ತೊಳೆಯೋದು ನಾನು ನೋಡ್ಕೋತೀನಿ" ಅಂದೆ. ನೀನು ಹೋದ ಮೇಲೆ ನಲ್ಲಿ ತಿರುಗಿಸಲೇ ಇಲ್ಲ. ಕುರ್ಚಿ ಎಳೆದುಕೊಂಡು ಕೂತು ಪತ್ರಿಕೆ ಓದಿದೆ.

"ಅಕ್ಕ, ತೊಳೆದಾಯ್ತಾ?"

"ಆಯ್ತು ಕಣೇ. ಧೈರ್ಯವಾಗಿ ತುಂಬಿಸು."

ಬಸ್ಸು ಬೆಟ್ಟದ ಅರ್ಧಕ್ಕೆ, ತಿರುವಿನಲ್ಲಿ, ಕೆಮ್ಮಿ ನಿಂತಿತು. "ನಿಂತ್ಬುಡ್ತು ಸಾರ್, ಉಸಿರೇ ಇಲ್ಲ. ಇನ್ನು ಎಂಗೆ ಓಡ್ಸೋದು?" ಎಂದು ಡ್ರೈವರ್ ಸ್ಟೇರಿಂಗ್ ಬಿಟ್ಟ. ಬ್ಯಾಂಕಿನವರು, ಅಧಿಕಾರಿಗಳು, ರೇಷ್ಮೆ ಸೀರೆಯುಟ್ಟ ಅವರ ಹೆಂಡತಿಯರು ಬಿಸಿಲಲ್ಲಿ ನಗುತ್ತಾ, ಬಯ್ಯುತ್ತಾ ಇಳಿದು ನಡೆದರು. ನೀನು ರಸ್ತೆಯಲ್ಲಿ ಮೊಣಕಾಲೂರಿ ಫಿಲ್ಟರ್ ಬಿಚ್ಚುತ್ತಿದ್ದೆ. ನನಗೆ — ಬರೆಯಲೇಬೇಕು — ಖುಷಿಯಾಯಿತು.

ಬಸ್ಸಿನ ಹಿಂದೆ ಬರುತ್ತಿದ್ದ ಫ್ಯಾಕ್ಟರಿಯ ಕಾರು ಹತ್ತಿ ನಾನು ನಿನಗಿಂತ ಮೊದಲೇ ವಾಪಸು ಬಂದುಬಿಟ್ಟೆ. ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಯಜಮಾನರು, "ಏನಮ್ಮ, ಸರಿಯಾಗಿ ತೊಳೆದಿರಲಿಲ್ವಾ?" ಎಂದು ಕೇಳಿದರು.

"ತೊಳೆದಿದ್ವಿ ಸರ್," ಅಂದೆ. "ಏನ್ ಮಾಡೋದು, ಎಷ್ಟು ತೊಳೆದ್ರೂ ಕೆಲವರ ವಾಸನೆ ಹೋಗಲ್ಲ."

ಕೆಲವುದರ ಅನ್ನಲಿಲ್ಲ. ಕೆಲವರ ಅಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ಕಾರಿನಲ್ಲಿ ಬರುವಾಗಲೇ ಜೋಡಿಸಿಟ್ಟುಕೊಂಡಿದ್ದೆ. ಅಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಎಲ್ಲರೂ ನಕ್ಕರು, ಯಜಮಾನರೂ ನಕ್ಕರು. ತಿರುಗಿ ನೋಡಿದರೆ ಬಾಗಿಲಲ್ಲಿ ನೀನು ನಿಂತಿದ್ದೆ, ಕೈಯೆಲ್ಲಾ ಎಣ್ಣೆ.

ಮರುದಿನದಿಂದ ನಾನು ನಿನಗೆ 'ಮೇಡಂ' ಆದೆ. ಸ್ವಲ್ಪ ದಿನಕ್ಕೆ ನೀನು ಕೆಲಸ ಬಿಟ್ಟೆ. ನೀನು ಹೋದ ಮೇಲೆ ಅದೇ ಎಣ್ಣೆಯನ್ನು ನೀನು ತೋರಿಸಿದಂತೆಯೇ ಮಾಡಿದೆ — ಈ ಸಲ ತೊಳೆದೆ. ಬಸ್ಸು ಬೆಟ್ಟ ಹತ್ತಿತು. ಘಟಕ ಬಂತು, ಮುಖ್ಯಸ್ಥೆ ನಾನಾದೆ. ಮೈಸೂರು ಪೇಟ ತೊಡಿಸಿ ಶಾಲು ಹೊದಿಸಿದರು. ಹೋದ ಕಡೆಯೆಲ್ಲಾ ಭಾಷಣ: ಕಲ್ಲಿದ್ದಲು, ಪೆಟ್ರೋಲಿಯಂ ಕಾಲ ಮುಗಿಯುತ್ತದೆ, ರಸಾಯನ ಉದ್ಯಮವೇ ದಾರಿ ತೋರಬೇಕು. ನಿನ್ನ ಮಾತನ್ನೇ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ.

ಕಳೆದ ತಿಂಗಳು ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಮುಖ್ಯ ಅತಿಥಿಯಾಗಿ ಹೋದೆ. ಹೊಂಗೆ ಡೀಸೆಲಿನ ಮೇಜಿನ ಹಿಂದೆ ನೀನು, ಉಪನ್ಯಾಸಕಿಯಾಗಿ, ತಲೆಯಲ್ಲಿ ಅಲ್ಲಲ್ಲಿ ನರೆ. "ಬನ್ನಿ ಮೇಡಂ" ಅಂದೆ. ನನ್ನ ಅಂಗೈ ಚಾಚಿಸಿ, ಬಾಟಲಿಯಿಂದ ಸ್ವಲ್ಪ ಬಗ್ಗಿಸಿದೆ.

"ಮುಟ್ಟಿ ನೋಡಿ ಮೇಡಂ. ತೊಳೆದಿದೆ."

ನಾನು ಬೆರಳಿನಿಂದ ಉಜ್ಜಿ ನೋಡಿದೆ. ನೀನು ಮೆಲ್ಲಗೆ ಹೇಳಿದೆ: "ಅವತ್ತು ಫಿಲ್ಟರ್ ಬಿಚ್ಚಿದಾಗ ಕೈಗೆಲ್ಲಾ ಸೋಪು ಹತ್ತಿತ್ತು."

"ಗೊತ್ತಿತ್ತಾ? ಮತ್ತೆ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಾನೇ ಕ್ಯಾಂಟೀನಿಗೆ ಬಂದೆ ಮೇಡಂ. ಅಷ್ಟು ಹೊತ್ತಿಗೆ ಎಲ್ಲಾ ನಗ್ತಾ ಇದ್ರು."

ಆಮೇಲೆ ನನ್ನನ್ನು ವೇದಿಕೆಗೆ ಕರೆದರು. ಕೈಗೆ ಮೈಕ್ ಬಂತು. ನೀನು ಎದುರಿಗೇ ಕೂತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು — ಹೇಳಲಿಲ್ಲ. ನಿನ್ನ ಮಾತುಗಳಲ್ಲೇ ಭಾಷಣ ಮುಗಿಸಿ, ಪೇಟ ತೊಟ್ಟು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದೆ.

ನಿನ್ನಲ್ಲಿ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಮತ್ತೆ ನಿನಗೇ ಒಂದು ಕೆಲಸ ಹೊರಿಸಿದ ಹಾಗೆ. ಅವತ್ತು ನಕ್ಕವರಲ್ಲಿ ಹಲವರು ಇನ್ನೂ ಫ್ಯಾಕ್ಟರಿಯಲ್ಲೇ ಇದ್ದಾರೆ. ನಾಳೆ ಊಟದ ಹೊತ್ತಿಗೆ, ಅದೇ ಕ್ಯಾಂಟೀನಿನಲ್ಲಿ ಎದ್ದು ನಿಂತು ಇದನ್ನು ಓದುತ್ತೇನೆ — ಎಣ್ಣೆಯ ವಿಷಯವನ್ನೂ, ಲೋಟದ ವಿಷಯವನ್ನೂ. ನೀನು ಬರಬೇಕಾಗಿಲ್ಲ. ಅಕ್ಕ ಎನ್ನಬೇಕಾಗಿಯೂ ಇಲ್ಲ.