ಓನರ್ ನಡೆಸಿದ ಎರಡು ಕಾಲಾಳು

ಜೂನ್ ಹದಿನಾಲ್ಕು, ಭಾನುವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಹೊಸಹಳ್ಳಿಯ ನಮ್ಮ ಬಾಡಿಗೆ ಮನೆಯ ಮಾಲೀಕರಾದ ಮರಿಯಪ್ಪನವರು ಚೆಸ್ ಬೋರ್ಡಿನ ಮೇಲೆ ಎರಡು ಬಿಳಿ ಕಾಲಾಳುಗಳನ್ನು ಒಟ್ಟಿಗೇ ಒಂದೊಂದು ಮನೆ ಮುಂದೆ ತಳ್ಳಿ, ‘ಹೂಂ, ಈಗ ನೀನು’ ಎಂದರು.

ನಾನು ಬೆಪ್ಪಾದೆ. ಮೊಬೈಲ್‌ನಲ್ಲಿ ಕಪ್ಪು ಕಾಯಿ ಹಿಡಿದು ಅದುವರೆಗೆ ಆಡಿದ್ದು ನಲವತ್ತೊಂದು ಆಟ, ಸೋತದ್ದು ಮೂವತ್ತಮೂರು. ಹಾಗಾಗಿ ಬಿಳಿಯ ಮೊದಲ ನಡೆಗೆ ಏನು ಉತ್ತರ ಕೊಡಬೇಕೆಂದು ಮೂರು ತಿಂಗಳು ಸಿಸಿಲಿಯನ್, ಫ್ರೆಂಚ್, ಕಾರೋ-ಕಾನ್ ಎಂಬ ರಕ್ಷಣೆಗಳನ್ನು ತೂಗಿ ನೋಡಿ ಕಾರೋ-ಕಾನ್ ಆರಿಸಿಕೊಂಡಿದ್ದೆ. ಹನ್ನೆರಡು ನಡೆ ಬಾಯಿಪಾಠವಾಗಿತ್ತು. ಇನ್ನಾದರೂ ಗೆಲ್ಲುತ್ತೇನೆಯೇ ಎಂದು ನೋಡಲೆಂದೇ ಅವರನ್ನು ಆಟಕ್ಕೆ ಕರೆದಿದ್ದೆ.

‘ಅಂಕಲ್, ಒಂದ್ಸಲಕ್ಕೆ ಒಂದೇ ಕಾಯಿ ಅಲ್ವಾ?’

‘ಅದು ನಿಮ್ಮ ಮೊಬೈಲ್‌ನಲ್ಲಿ ಕಣಮ್ಮ. ಇದು ಹಳ್ಳಿ ಆಗಿದ್ದಾಗ್ಲಿಂದ ಮೊದಲ್ನೇ ನಡೆ ನಾವು ಆಡೋದು ಹಿಂಗೇ. ನೀನೂ ಎರಡು ನಡ್ಸು, ಯಾರು ಬೇಡ ಅಂದ್ರು?’

ನಾನು ಕಲಿತದ್ದರಲ್ಲಿ ಎರಡನೆಯ ಕಾಲಾಳಿನ ಸುದ್ದಿಯೇ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ತಳ್ಳಿದೆ. ಆದರೂ ಹದಿನೆಂಟನೆಯ ನಡೆಗೆ ಅವರ ರಾಜ ಮೂಲೆ ಸೇರಿದ. ಇನ್ನೊಂದೇ ನಡೆ, ಚೆಕ್‌ಮೇಟ್ ಎಂದುಕೊಂಡೆ. ಅಷ್ಟರಲ್ಲಿ ರಾಜ ಕುದುರೆಯಂತೆ ನೆಗೆದು ಆಚೆ ನಿಂತ. ಅದುವರೆಗೆ ಚೆಕ್ ಬಿದ್ದಿರದಿದ್ದರೆ ಒಂದು ಆಟಕ್ಕೆ ಒಮ್ಮೆ ಹಾಗೆ ನೆಗೆಯಬಹುದಂತೆ. ಐದು ಐವತ್ತಕ್ಕೆ ಮೂವತ್ತನಾಲ್ಕನೆಯ ಸೋಲು ಬರೆದುಕೊಂಡೆ.

ಮುಂದಿನ ಭಾನುವಾರವೂ ಬಿಳಿ ತಮ್ಮದೇ ಎಂದಿದ್ದಾರೆ. ಮನೆಯ ಓನರ್ ಅಲ್ಲವೇ? ಎರಡು ಕಾಲಾಳು ಜೊತೆಯಾಗಿ ಬಂದರೆ ಕಪ್ಪು ಏನು ಮಾಡಬೇಕೆಂದು ಬಲ್ಲ ಹಿರಿಯರು ಯಾರಾದರೂ ಇದ್ದರೆ, ದಯವಿಟ್ಟು ಶನಿವಾರದೊಳಗೆ ಬರೆದು ತಿಳಿಸಿ.