ಎರಡನೆಯ ಕೂಗು

ದೀಪ ಹಚ್ಚಿದ ಮೇಲೆ ಅಂಗಳದಿಂದ ಯಾರಾದರೂ ಕರೆದರೆ ನಮ್ಮ ಅವ್ವ ಮೊದಲ ಕೂಗಿಗೆ ಓಗೊಡುವುದಿಲ್ಲ. "ದೆವ್ವ ಒಂದ ಸಲ ಕರೀತೈತಿ, ಮನಷ್ಯಾರು ಎರಡ ಸಲ ಕರೀತಾರ" ಎನ್ನುತ್ತಾಳೆ. ನಮ್ಮೂರು ಮನೋಳಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಹೆಂಡತಿ ಇದಕ್ಕೆ ಬಹಳ ನಗುತ್ತಿದ್ದಳು.

ಮುಂದೆ ಹೆಂಡತಿಗೆ ಸಂಧಿವಾತ ಬಂತು. ಬೆರಳ ಗೆಣ್ಣುಗಳು ಊದಿ, ರೊಟ್ಟಿ ಬಡಿಯುವುದು ನಿಂತಿತು. ಮಾತ್ರೆಗಳಿಂದ ಆಗಲಿಲ್ಲ. ಬೆಳಗಾವಿಯ ಡಾಕ್ಟರು ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದರು: "ಮೈ ಕಾಯೋ ಬಿಳಿ ರಕ್ತಕಣ ನಿಮ್ಮ ಕೀಲಿನ ಮ್ಯಾಲೆನ ಬಿದ್ದಾವ್ರಿ. ಆ ಕಣದ ಮೈಮ್ಯಾಲೆ ಕಿವಿ ಇದ್ದಂಗ ಸಣ್ಣ ಅಣು ಇರತಾವ. ಒಂದಕ್ಕ ವೈರಿ ಗುರ್ತು ತಾಗಬೇಕು, ಬಾಜೂದಕ್ಕ ಇನ್ನೊಂದು ಸೂಚನಾ ಮುಟ್ಟಬೇಕು. ಎರಡೂ ಆದ್ರನ ಅದು ಏಳತೈತಿ. ಈ ಔಷಧ ಎರಡನೇದನ್ನ ತಡೀತೈತಿ."

"ನಮ್ಮ ಅತ್ತಿಯಂಗನ ಬಿಡ್ರಿ" ಎಂದಳು ಇವಳು. "ಎರಡನೇ ಸಲ ಕರಿಯೂಮಟ ಏಳೂದಿಲ್ಲ."

ಡಾಕ್ಟರೂ ನಕ್ಕರು. ಸೋಂಕು ತಗಲದಂತೆ ಜೋಪಾನವಾಗಿರಬೇಕು, ಜ್ವರ ಬಂದರೆ ತಡಮಾಡಬಾರದು ಎಂದೂ ಹೇಳಿದರು. ಕೇಳಿಸಿಕೊಂಡೆವು.

ಸಲೈನಿನಲ್ಲಿ ಔಷಧ ಏರಿಸತೊಡಗಿದ ಮೇಲೆ ಊತ ಇಳಿಯುತ್ತ ಬಂತು. ಒಂದು ಬೆಳಿಗ್ಗೆ ಪಟಪಟ ಸದ್ದಿಗೆ ಎಚ್ಚರಾಯಿತು. ಒಲೆಯ ಮುಂದೆ ಅವಳೇ ಕುಳಿತಿದ್ದಳು. ರೊಟ್ಟಿ ಒಂದು ಕಡೆ ದಪ್ಪ, ಅಂಚು ಹರಿದಿತ್ತು. "ನಗಬ್ಯಾಡ್ರಿ, ತಿನ್ರಿ" ಎಂದಳು.

ಬಿಳಿಜೋಳ ಕೀಳುವ ಹೊತ್ತಿಗೆ ಕೆಮ್ಮು ಬಂತು. ಜ್ವರ ಬಂದ ದಿನವೇ ಕರೆದುಕೊಂಡು ಹೋದೆ. ತಡಮಾಡಲಿಲ್ಲ. ಸೋಂಕು ಆಗಲೇ ಎರಡೂ ಪುಪ್ಪಸಕ್ಕೆ ಇಳಿದಿತ್ತು. ಆ ಔಷಧ ನಿಲ್ಲಿಸಿ ಬೇರೆ ಔಷಧ ಕೊಟ್ಟರು. "ನಿಲ್ಲಿಸಿದ್ರಲಾ, ಇನ್ನ ಏಳತಾವೇನ್ರಿ ಅವು?" ಎಂದು ಡಾಕ್ಟರನ್ನು ಕೇಳಿದೆ.

"ಮೈಯಾಗಿನ ಔಷಧ ಕರಗಾಕ ವ್ಯಾಳ್ಯಾ ಹಿಡಿತೈತ್ರಿ. ಕಾಯೂಣು."

ಕಾದೆ. ಐಸಿಯು ಬಾಗಿಲ ಹೊರಗಿನ ಬಾಕಿನ ಮೇಲೆ ಕುಳಿತು ನಾನು ಬೇಡಿಕೊಂಡದ್ದು ದೇವರನ್ನಲ್ಲ, ಅವಳ ಮೈಯೊಳಗಿನ, ಕಣ್ಣಿಗೆ ಕಾಣದ ಆ ಕಣಗಳನ್ನು. ಏಳ್ರಿ, ಈ ಸಲ ಬಂದದ್ದು ಖರೇ ವೈರಿ, ಏಳ್ರಿ. ಅವುಗಳಿಗೆ ಕೇಳಿಸುವ ಹಾಗೆ ಹೇಳುವುದು ನನಗೆ ಗೊತ್ತಿರಲಿಲ್ಲ. ಯಾರಿಗೆ ಗೊತ್ತಿರುತ್ತದೆ?

ಕೊನೆಯ ಮಧ್ಯಾಹ್ನ ಒಳಗೆ ಬಿಟ್ಟರು. ಆಕ್ಸಿಜನ್ ಮುಖವಾಡದೊಳಗಿಂದ "ಏನ್ರಿ" ಎಂದಳು. ನಾನು ತಟ್ಟನೆ "ಓ" ಎಂದೆ. ಅವಳ ಬಿಸಿ ಕೈ ಹಿಡಿದು, ಮತ್ತೆ ಕರೆಯುತ್ತಾಳೆಂದು ಬಾಗಿ ನಿಂತೇ ಇದ್ದೆ.