ಚೆಂಡು ಕೈಬಿಡುವವರೆಗೆ

ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಚಪ್ಪಾಳೆ ಆಟಗಾರರಿಗೆ, ಹಾರ ತರಬೇತುದಾರರಿಗೆ, ಬೈಗುಳ ತೀರ್ಪುಗಾರರಿಗೆ ಎಂಬ ಹಂಚಿಕೆ ಬಹಳ ಹಿಂದೆಯೇ ಆಗಿಹೋಗಿದೆ. ತಮ್ಮ ಪಾಲಿಗೆ ಬಂದದ್ದನ್ನು ಮೂರು ದಶಕಗಳ ಕಾಲ ಮುಖ ಸಿಂಡರಿಸದೆ ಸ್ವೀಕರಿಸಿ, ಈಗ ಸೀಟಿಯನ್ನು ಕೆಳಗಿಟ್ಟಿರುವ ನಮ್ಮ ಸಂಘದ ಹಿರಿಯ ತೀರ್ಪುಗಾರರು ಆ ಕ್ಷೇತ್ರದಲ್ಲಿ ಗಳಿಸಿದ ಗೌರವ ದೊಡ್ಡದು. ಆಟಗಾರರು ಅವರಿಗಿಟ್ಟ ಹೆಸರು ಲೇನ್ ಮೇಷ್ಟ್ರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ; ಅದು ಅವರಿಗೆ ಗೊತ್ತಿಲ್ಲದ ಸಂಗತಿಯೂ ಆಗಿರಲಿಲ್ಲ.

ಎದುರಾಳಿಯ ತಪ್ಪಿಗೆ ಪ್ರತಿಯಾಗಿ ಸಿಗುವ ಅಡ್ಡಿಯಿಲ್ಲದ ಎಸೆತ ಫ್ರೀ ಥ್ರೋ; ಅದನ್ನು ಎಸೆಯುವವನಿಗೂ ಬುಟ್ಟಿಗೂ ನಡುವೆ ಗೆರೆ ಎಳೆದ ಜಾಗವೇ ಲೇನ್. ಅದರ ಎರಡು ಅಂಚುಗಳಲ್ಲಿ ಎರಡೂ ತಂಡದವರು ಸಾಲಾಗಿ ನಿಲ್ಲುತ್ತಾರೆ. ಚೆಂಡು ಎಸೆಯುವವನ ಕೈಬಿಡುವವರೆಗೆ ಅವರು ಒಳಗೆ ಕಾಲಿಡುವಂತಿಲ್ಲ. ಎದುರಾಳಿಯೊಬ್ಬ ಆತುರಪಟ್ಟು ಕಾಲಿಟ್ಟನೆನ್ನಿ: ಚೆಂಡು ಬುಟ್ಟಿಗೆ ಬಿದ್ದರೆ ಆ ಕಾಲನ್ನು ಮರೆತುಬಿಡಬೇಕು, ಬೀಳದಿದ್ದರೆ ಇನ್ನೊಂದು ಎಸೆತ ಕೊಡಬೇಕು. ಪುಸ್ತಕದಲ್ಲಿ ಇಷ್ಟೇ. ಆದರೆ ಅಂಕಣದಲ್ಲಿ ಎಲ್ಲರೂ ಕತ್ತೆತ್ತಿ ಚೆಂಡು ನೋಡುವ ಆ ಗಳಿಗೆಯಲ್ಲಿ ತೀರ್ಪುಗಾರ ಕತ್ತು ಬಗ್ಗಿಸಿ ಬೂಟು ನೋಡುತ್ತಿರಬೇಕು. ಆಟದ ಸೊಗಸೆಲ್ಲ ತಲೆಯ ಮೇಲೆ ಹಾದುಹೋಗುತ್ತದೆ. ಹೀಗೆ ನೋಡಿ ನೋಡಿ, ಬಸ್ ನಿಲ್ದಾಣದಲ್ಲಿ ಯಾರದೋ ಬೂಟಿನ ಗುರುತು ಹಿಡಿದು ಅಪರಿಚಿತರ ಬೆನ್ನು ತಟ್ಟಿ ಪೆಚ್ಚಾದದ್ದೂ ಮೇಷ್ಟ್ರಿಗುಂಟು.

ಬೆರಳತುದಿಯಷ್ಟು ಒಳಬಂದರೆ ಕಂಡೂ ಕಾಣದಂತಿರುವ ತೀರ್ಪುಗಾರರು ಬಹಳ. ಮೇಷ್ಟ್ರು ಹಾಗಲ್ಲ, ಆದರೆ ಹೊಂಚುಹಾಕಿ ಹಿಡಿಯುವ ಜಾಯಮಾನವೂ ಅವರದಲ್ಲ. ಪ್ರತಿ ಎಸೆತಕ್ಕೂ ಮೊದಲು ಸಾಲಿನವರ ಹತ್ತಿರ ಬಂದು ಮೆಲ್ಲಗೆ, "ಕಾಲು ನೋಡ್ಕೊಳ್ರಪ್ಪಾ, ಚೆಂಡು ಕೈ ಬಿಡ್ಲಿ, ಆಮೇಲೆ ಬನ್ನಿ" ಎನ್ನುತ್ತಿದ್ದರು. ಆ ಒಂದು ಮಾತಿನಿಂದ ಬಚಾವಾದ ತಂಡಗಳಿಗೆ ಲೆಕ್ಕವಿಲ್ಲ. ಹೊಸ ತೀರ್ಪುಗಾರ್ತಿಯೊಬ್ಬರು ಮೊದಲ ಪಂದ್ಯದಲ್ಲೇ ತಪ್ಪು ತೀರ್ಪು ಕೊಟ್ಟು ಬಟ್ಟೆ ಬದಲಿಸುವ ಕೋಣೆಯಲ್ಲಿ ಅಳುತ್ತ ಕೂತಾಗ, ಫ್ಲಾಸ್ಕಿನ ಚಹಾವನ್ನು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟು, ಸಂಘದ ವಿಚಾರಣೆಯಲ್ಲಿ "ಆ ತೀರ್ಪಲ್ಲಿ ನಾನೂ ಜೊತೆಗಿದ್ದೆ" ಎಂದು ಅರ್ಧ ಬೈಗುಳ ತಮ್ಮ ಮೇಲೆ ಎಳೆದುಕೊಂಡವರು ಅವರು.

ಇಂಥವರಿಗೆ ಆಪ್ತರೆಂದು ಇದ್ದದ್ದು ಒಬ್ಬರೇ. ಹರೆಯದಲ್ಲಿ ಒಂದೇ ತಂಡದಲ್ಲಿ ಆಡಿ, ಒಂದೇ ಬಾಡಿಗೆ ಕೋಣೆಯಲ್ಲಿ ಒಂದೇ ಇಸ್ತ್ರಿಪೆಟ್ಟಿಗೆ ಹಂಚಿಕೊಂಡ ಗೆಳೆಯ. ಆತ ತರಬೇತುದಾರನಾದ, ಇವರು ಸೀಟಿ ಹಿಡಿದರು. ತೀರ್ಪುಗಾರರು ತಂಡದವರೊಂದಿಗೆ ಊಟಕ್ಕೆ ಕೂರಬಾರದು, ಅವರ ಗಾಡಿ ಹತ್ತಬಾರದು, ಒಳಬರಲು ಹೊರಹೋಗಲು ಬೇರೆಯೇ ಬಾಗಿಲು ಎಂಬುದು ನಮ್ಮ ಸಂಘದ ರೂಢಿ. ಪಂದ್ಯದ ದಿನಗಳಿಗೆಂದು ಮಾಡಿಕೊಂಡ ಆ ರೂಢಿಯನ್ನು ಮೇಷ್ಟ್ರು ವರ್ಷವಿಡೀ ಪಾಲಿಸಿದರು. ಗೆಳೆಯನ ಹೆಂಡತಿ ಊಟಕ್ಕೆ ಕರೆದರೆ ಏನಾದರೊಂದು ನೆಪ ಹೇಳುವರು. ದಾರಿಯಲ್ಲಿ ಸಿಕ್ಕಾಗ ಗೆಳೆಯನ ಜೊತೆ ಎರಡು ಮಾತು, ಅಷ್ಟೇ.

ಆ ಎರಡು ಮಾತೂ ನಿಂತದ್ದು ಒಂದು ಫೈನಲ್‌ನಲ್ಲಿ. ಗೆಳೆಯನ ತಂಡ ಒಂದು ಅಂಕ ಮುಂದಿತ್ತು, ಕೊನೆಯ ಕ್ಷಣಗಳು. ಎದುರಾಳಿಯ ಕೊನೆಯ ಫ್ರೀ ಥ್ರೋ ರಿಂಗಿಗೆ ಬಡಿದು ಹೊರಬಿತ್ತು, ಗೆಳೆಯನ ತಂಡದ ಉದ್ದನೆಯ ಆಟಗಾರ ಚೆಂಡು ಬಾಚಿಕೊಂಡ, ಬೆಂಚಿನವರೆಲ್ಲ ಕುಣಿಯುತ್ತ ಎದ್ದರು. ಅಷ್ಟರಲ್ಲಿ ಸೀಟಿ. ಚೆಂಡು ಕೈಬಿಡುವ ಮೊದಲೇ ಆ ಉದ್ದನೆಯವನ ಕಾಲು ಒಳಗಿತ್ತು. ಮರು ಎಸೆತ ಬುಟ್ಟಿಗೆ ಬಿತ್ತು, ಅಂಕ ಸಮವಾಯಿತು, ಹೆಚ್ಚುವರಿ ಆಟದಲ್ಲಿ ಗೆಳೆಯನ ತಂಡ ಸೋತಿತು.

"ಅವನ ಕಾಲು ಕಾಣ್ತು ನಿನ್ ಕಣ್ಣಿಗೆ. ನಾನು ಕಾಣ್ಲಿಲ್ವಾ?" ಎಂದ ಗೆಳೆಯ, ಎಲ್ಲರೆದುರಿಗೆ.

ಮೇಷ್ಟ್ರು ತೀರ್ಪುಗಾರರ ಬಾಗಿಲಿನಿಂದ ಹೊರಟುಹೋದರು. ತೀರ್ಪಿನ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮರೆಯಲಾಗದೆ ಹೋದದ್ದು ಗೆಳೆಯನ ಮುಖ. ಮದುವೆಯಾಗದ ಜೀವ, ಎರಡು ಕೋಣೆಯ ಮನೆ, ಭಾನುವಾರ ಅಕ್ಕನ ಫೋನು. ಪಂದ್ಯಕ್ಕೆ ಹೋದ ಊರುಗಳಲ್ಲಿ ಹೋಟೆಲಿನ ಮೂಲೆಯ ಮೇಜು, ಗೋಡೆಗೆ ಮುಖ ಮಾಡಿ ಊಟ. ಎಷ್ಟೋ ಸಲ ಫೋನಿನಲ್ಲಿ ಗೆಳೆಯನ ಹೆಸರಿನವರೆಗೆ ಬೆರಳು ಹೋಗಿ ವಾಪಸಾಗುತ್ತಿತ್ತು. ಅವನೇ ಮಾತು ಬಿಟ್ಟಿರುವಾಗ ತಾನಾಗಿ ಹೋದರೆ ತೀರ್ಪಿಗೆ ಕ್ಷಮೆ ಕೇಳಿದಂತಾದೀತು ಎಂಬ ಅಳುಕು. ಹನ್ನೊಂದು ವರ್ಷ ಹೀಗೇ ಕಳೆಯಿತು. ಮೇಷ್ಟ್ರ ನಿವೃತ್ತಿಗೆಂದು ಸಂಘ ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ಲೇಖನ ಕೇಳಿದಾಗ ಆ ತರಬೇತುದಾರರು ಬರೆಯಲು ಒಪ್ಪಲಿಲ್ಲವೆಂಬುದೂ ಮೇಷ್ಟ್ರ ಕಿವಿಗೆ ಬಿತ್ತು.

ನಿವೃತ್ತಿಯ ಮರುದಿನ ಸಂಜೆ ಅವರು ಗೆಳೆಯನ ಮನೆಯ ಮೆಟ್ಟಿಲು ಹತ್ತಿದರು. ಇನ್ನು ತೀರ್ಪುಗಾರನಲ್ಲ, ಬೈದರೆ ಬೈಸಿಕೊಂಡು ಬರುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಗೆಳೆಯನೇ ಬಾಗಿಲು ತೆರೆದ.

"ಇನ್ನೂ ಕೋಪಾನಾ?" ಎಂದರು ಮೇಷ್ಟ್ರು.

"ಕೋಪ ಒಂದು ವಾರಕ್ಕೇ ಇಳೀತು ಕಣೋ. ಆ ಉದ್ದನೆಯವನೇ ಬಂದು, ಕಾಲು ಇಟ್ಟಿದ್ದು ನಿಜ ಸರ್ ಅಂದ. ಮುಂದಿನ ಪಂದ್ಯದ ದಿನ ದೊಡ್ಡ ಬಾಗಿಲ ಹತ್ರ ನಿನಗೋಸ್ಕರ ಕಾದೆ. ನೀನು ನಿನ್ ಬಾಗಿಲಿಂದ ಹೋಗ್ಬಿಟ್ಟೆ. ಪ್ರತಿ ಸಲಾನೂ ಅಷ್ಟೇ. ನನ್ನ ಮುಖ ನೋಡೋದು ಇಷ್ಟ ಇಲ್ಲ ಅಂದ್ಕೊಂಡೆ. ಅಂಥೋನ ಬಗ್ಗೆ ಏನಂತ ಬರೀಲಿ?"

ಮೇಷ್ಟ್ರು ಹೊಸ್ತಿಲ ಹೊರಗೆ ಚಪ್ಪಲಿ ಕಳಚಿದರು. ಗೆಳೆಯ ರಟ್ಟೆ ಹಿಡಿದು ಒಳಗೆ ಕರೆದೊಯ್ದು ಕೂರಿಸಿದ.

ಪೂಜ್ಯರ ಅನುಭವ ಕಿರಿಯ ತೀರ್ಪುಗಾರರಿಗೆ ಇನ್ನೂ ಬಹುಕಾಲ ದಾರಿ ತೋರಲಿ, ನಮ್ಮ ತರಬೇತಿ ಶಿಬಿರಗಳು ಅವರ ಕಣ್ಗಾವಲಿನಲ್ಲೇ ನಡೆಯಲಿ ಎಂದು ಸಂಘದ ಪರವಾಗಿ ಹಾರೈಸುತ್ತೇವೆ. ಗ್ರಂಥ ಅವರೊಬ್ಬರದೇ ಆದರೂ, ಆಯುರಾರೋಗ್ಯವನ್ನು ನಾವು ಕೋರುವುದು ಆ ಇಬ್ಬರು ಗೆಳೆಯರಿಗೂ. ಹನ್ನೊಂದು ವರ್ಷಗಳ ಮಾತು ಬಾಕಿ ಇದೆ.